ಒಂದೇ ಕುಣಿತ, ಮೂರು ಡಿಸ್ಕ್

'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್' ಆಟವನ್ನು ಕಾಲಲ್ಲೇ ಆಡುವುದು. ಚಾಪೆಯ ಮೇಲೆ ಎಡ, ಬಲ, ಹಿಂದೆ, ಮುಂದೆ ಎಂದು ನಾಲ್ಕು ಬಾಣ. ಟೀವಿಯಲ್ಲಿ ಕೆಳಗಿನಿಂದ ಏರುವ ಬಾಣ ಮೇಲಿನ ಗುರುತು ಮುಟ್ಟಿದ ಕ್ಷಣಕ್ಕೇ ಕಾಲು ಬೀಳಬೇಕು. ತಾಳ ಬಲ್ಲವರಿಗೆ ಇದರ ಸೊಗಸು ಬೇಗ ತಿಳಿಯುತ್ತದೆ.

ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ಇದನ್ನು ಆಟದಂಗಡಿಯ (ಆರ್ಕೇಡ್) ಯಂತ್ರವಾಗಿ ತಂದಿತು. ಮನೆಯಲ್ಲಿ ಆಡುವ ಯಂತ್ರ ಪ್ಲೇಸ್ಟೇಷನ್‌ಗೆ ಜಪಾನಿನಲ್ಲಿ ಬಂದದ್ದು 1999ರಲ್ಲಿ, ಅಮೆರಿಕಕ್ಕೆ 2001ರಲ್ಲಿ. ಯುರೋಪಿನಲ್ಲಿ ಹೆಸರೇ ಬದಲು: 'ಡ್ಯಾನ್ಸಿಂಗ್ ಸ್ಟೇಜ್'. ಹಾಡುಗಳ ಪಟ್ಟಿಯೂ ಬೇರೆ. ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಯಂತ್ರದಲ್ಲಿ ಓಡದಂತೆ ಬೀಗವೂ ಇತ್ತು.

ಟೀವಿಯ ಪದ್ಧತಿಯೂ ಒಂದೇ ಆಗಿರಲಿಲ್ಲ. ಜಪಾನ್, ಅಮೆರಿಕದ ಎನ್‌ಟಿಎಸ್‌ಸಿ ಟೀವಿಯಲ್ಲಿ ಸೆಕೆಂಡಿಗೆ ಸುಮಾರು 30 ಚಿತ್ರ. ಯುರೋಪಿನ ಪಾಲ್ ಟೀವಿಯಲ್ಲಿ 25. ಹೊಂದಿಸದೆ ತಂದರೆ 30ರ ಆಟ 25ರಲ್ಲಿ ನಿಧಾನವಾಗುತ್ತದೆ. ಬೇರೆ ಆಟ ತುಸು ನಿಧಾನವಾದರೆ ನಡೆದೀತು. ಇಲ್ಲಿ ಬಾಣ ಹಿಂದೆ ಬಿದ್ದು ಹಾಡು ಮುಂದೆ ಹೋದರೆ ಆಟವೇ ಕೆಟ್ಟಂತೆ.

ಕಲಬುರಗಿ, ಕಮಲಾಪುರದ ಮನೆಗಳ ಟೀವಿಯೂ ಆಗ ಪಾಲ್ ಪದ್ಧತಿಯದೇ ಆಗಿತ್ತು.

ಮನೆಯ ಚಾಪೆ ತೆಳುವು, ಹಗುರ. ಶಹಾಬಾದ್ ಕಲ್ಲಿನ ನುಣುಪು ನೆಲದ ಮೇಲೆ ಜಾರುತ್ತದೆ. ನಾಲ್ಕೂ ಮೂಲೆಗೆ ಟೇಪ್ ಅಂಟಿಸಿಕೊಂಡು ಕುಣಿಯಬೇಕು.