ಬುತ್ತಿ ಕಟ್ಟಿಕೊಂಡು ಹೋಗಿದ್ದು ಯಾಕ?



ರಜಾ ಬಂದ್ರ ಸಾಕು, ವಾಟ್ಸಾಪ್‌ನ್ಯಾಗ ಅದೇ ಮೆಸೇಜು ಮತ್ತ ಓಡಾಡಾಕ ಶುರು ಆಗತೈತಿ. ಹಿಂದಿನ ಮಂದಿ ಊರಿಗೆ ಹೊಂಟ್ರ ಬುತ್ತಿ ಕಟ್ಟಿಕೊಂಡು ಹೋಗ್ತಿದ್ರು, ಹೋಟೆಲ್ ಮಾರಿ ನೋಡ್ತಿರಲಿಲ್ಲ, ಅದಕ್ಕ ಗಟ್ಟಿಮುಟ್ಟಾಗಿದ್ರು ಅಂತ. ಕೆಳಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬದನಿಕಾಯಿ ಎಣ್ಣಿಗಾಯಿ ಫೋಟೋ. ನಮ್ಮ ಹುಡುಗರೂ ಫಾರ್ವರ್ಡ್ ಮಾಡ್ತಾರ. ರೊಟ್ಟಿ-ಹಿಂಡಿ ರುಚಿ ಬಗ್ಗೆ ನನ್ನ ತಕರಾರಿಲ್ಲ. ಆದ್ರ ನಮ್ಮ ಕೇರಿ ಮಂದಿ ಬುತ್ತಿ ಕಟ್ಟಿದ್ದು ಆರೋಗ್ಯಕ್ಕಲ್ಲ. ದಾರಿಯೊಳಗ ಅನ್ನ ಕೊಡವರು ಇರಲಿಲ್ಲ, ಅದಕ್ಕ ಕಟ್ಟಿದ್ರು.

ಬೆಳವಣಕಿಯಿಂದ ಮಂದಿ ಹೋಗ್ತಿದ್ದದ್ದಾದರೂ ಎಲ್ಲಿಗೆ? ಬನದ ಹುಣ್ಣಿಮಿಗೆ ಬಾದಾಮಿ ಬನಶಂಕರಿ, ಭಾರತ ಹುಣ್ಣಿಮಿಗೆ ಸವದತ್ತಿ ಯಲ್ಲಮ್ಮ. ನಮಗ ಪ್ರವಾಸ ಅಂದ್ರ ಅದೇ, ಪಿಕ್‌ನಿಕ್ ಅಂದ್ರೂ ಅದೇ. ಹೊರಡೋ ಮುಂಚೆ ಸಂತಿ ಮಾಡಬೇಕು. ಬೆಲ್ಲ, ಪುಟಾಣಿ, ಚಾಪುಡಿ. ದುಡ್ಡು ಕಟ್ಟಿ ಮ್ಯಾಲೆ ಇಡಬೇಕು, ಅಂಗಡಿಯವ ಪೊಟ್ಟಣ ಮ್ಯಾಲಿಂದ ಒಗೀತಿದ್ದ. ನಮ್ಮ ಆಯಿ ಅದನ್ನ ಹೇಳೋವಾಗ ಸಿಟ್ಟಿಲೇ ಹೇಳ್ತಿರಲಿಲ್ಲ, ತೂಕದ ಬಗ್ಗೆ ಹೇಳಿದಂಗ ಹೇಳ್ತಿದ್ಲು. ಮುಟ್ಟಿ ನೋಡಿ ಕೊಳ್ಳಾಕ ಬರ್ತಿರಲಿಲ್ಲ, ಹಿಂಗಾಗಿ ಹುಳ ಬಿದ್ದ ಪುಟಾಣಿ ನಮ್ಮ ಪಾಲಿಗೆ.

ಜಾತ್ರಿಯೊಳಗ ಆಕಿ ಮಕ್ಕಳಿಗೆ ಕೊಡಸ್ತಿದ್ದದ್ದು ಚುರುಮರಿ, ಬೆಂಡು-ಬೆತ್ತಾಸ, ಖಾರದಾಣಿ. ಯಾಕ ಅವೇ? ಒಣ ತಿನಿಸು. ಸೆರಗು ಒಡ್ಡಿದ್ರ ಮ್ಯಾಲಿಂದ ಸುರೀತಾರ, ಯಾರಿಗೂ ಯಾರೂ ಮುಟ್ಟಂಗಿಲ್ಲ. ಚಾ ಬೇಕಂದ್ರ ಕಪ್ಪು-ಬಸಿ ಬೇಕು, ಊಟ ಬೇಕಂದ್ರ ತಾಟು ಬೇಕು, ಕುಂದ್ರಾಕ ಜಾಗ ಬೇಕು. ಜಾತಿ ಕುಂತಿದ್ದು ಅಲ್ಲಿ. "ಜಾತ್ರಿ ತಿನಿಸು" ಅಂತ ನಾವು ಇವತ್ತು ಪ್ರೀತಿಲೇ ಕರಿಯೋದರ ಹಿಂದ ಈ ಲೆಕ್ಕಾಚಾರನೂ ಐತಿ.

ಬುತ್ತಿ ಇದ್ರ ಸಾಕಿತ್ತೇನು? ಅದೂ ಇಲ್ಲ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದ್ರಿ. ಸಣ್ಣ ಪುಸ್ತಕ, ಒಂದು ಸಂಜಿಗೆ ಮುಗೀತದ. ಅದರ ಮೊದಲ ಕಥಿನೇ ಒಂದು ಕುಟುಂಬದ ರಜೆಯ ಪ್ರಯಾಣ. 1901. ತಂದೆ ಗೋರೆಗಾಂವದಾಗ ಖಜಾಂಚಿ. ಬರಗಾಲದ ಜನಕ್ಕ ಕೆಲಸ ಕೊಡಾಕ ಸರ್ಕಾರ ಅಲ್ಲಿ ಕೆರೆ ತೋಡಿಸ್ತಿತ್ತು. ಬೇಸಿಗೆ ರಜೆಗೆ ಬರ್ರಿ ಅಂತ ಪತ್ರ ಬಂತು. ಭೀಮರಾವ್, ಅವರ ಅಣ್ಣ, ಅಕ್ಕನ ಮಕ್ಕಳು ಇಬ್ಬರು. ಹೊಸ ಅಂಗಿ, ಜರದ ಟೊಪ್ಪಿಗಿ, ಹೊಸ ಬೂಟು, ಕೈಯಾಗ ಬುತ್ತಿ. ಸಾತಾರಾದಿಂದ ಮಸೂರ್ ತನಕ ರೈಲು. ಆಗ ಸಾತಾರಾನೂ ನಮ್ಮ ರೋಣವೂ ಒಂದೇ ಮುಂಬಯಿ ಪ್ರಾಂತದಾಗಿದ್ವು. ಮಸೂರಿಗೆ ಹೋಗೋ ಗಾಡಿ ಓಡಿಸ್ತಿದ್ದ ಸದರ್ನ್ ಮರಾಠಾ ರೈಲ್ವೆನೇ ನಮ್ಮ ಹೊಳೆಆಲೂರ ದಾರಿ ಗಾಡಿನೂ ಓಡಿಸ್ತಿತ್ತು.

ಮಹಾರ್ ಹುಡುಗರು ಅಂತ ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರ ಮಾರಿ ಬದಲಾತು. ಬಂಡಿಯವರು ಒಲ್ಲೆ ಅಂದ್ರು. ಕಡೀಕ ಒಬ್ಬ ಎರಡು ಪಟ್ಟು ಬಾಡಿಗಿಗೆ ಒಪ್ಪಿದ, ಬಂಡಿ ಹುಡುಗರೇ ಹೊಡೀಬೇಕು, ತಾನು ಬಾಜೂಕ ನಡೀತೀನಿ ಅಂತ. ರಾತ್ರಿ ಸುಂಕದ ನಾಕಾದಾಗ ನೀರು ಕೇಳಿದ್ರ ಸಿಗಲಿಲ್ಲ. ತಾವು ಮುಸ್ಲಿಮರು ಅಂತ ಹೇಳಿದ್ರೂ ಸಿಗಲಿಲ್ಲ. ಬುತ್ತಿ ಮುಂದ ಇಟ್ಟುಕೊಂಡು, ನೀರಿಲ್ಲದೆ ಉಣ್ಣಾಕಾಗದೆ, ಉಪವಾಸ ಮಲಗಿದ್ರು. ಒಂಬತ್ತು ವರ್ಷದ ಹುಡುಗ. ಬುತ್ತಿ ಹೊಗಳೋ ಮೆಸೇಜು ನೋಡಿದಾಗೊಮ್ಮೆ ನನಗ ಈ ಬುತ್ತಿ ನೆನಪಾಗತೈತಿ.

ಅದೇ ಪುಸ್ತಕದಾಗ 1934ರ ಕಥಿನೂ ಐತಿ. ಆಗ ಅವರು ಬ್ಯಾರಿಸ್ಟರ್, ದುಂಡು ಮೇಜಿನ ಪರಿಷತ್ತಿಗೆ ಹೋಗಿ ಬಂದವರು. ಸುಮಾರು ಮೂವತ್ತು ಮಂದಿ ಕೂಡಿ ವೇರೂಳ ಗುಹೆ, ದೌಲತಾಬಾದ್ ಕೋಟೆ ನೋಡಾಕ ಹೊಂಟಿದ್ರು. ಕೋಟೆ ಬಾಗಿಲ ಹೊಂಡದಾಗ ಕೆಲವರು ಧೂಳು ತೊಳಕೊಂಡದ್ದಕ್ಕ ಹೊಂಡ ಮೈಲಿಗಿ ಆತು ಅಂತ ಗಲಾಟಿ. ಕಡೀಕ ಒಳಗ ಬಿಟ್ರು, ಜೊತೀಗೆ ಒಬ್ಬ ಸಿಪಾಯಿನ್ನ ಕಳಿಸಿ. ಇವರು ಎಲ್ಲೂ ನೀರು ಮುಟ್ಟದಂಗ ಕಾಯೋದು ಆತನ ಕೆಲಸ.

ಈ ಎರಡು ಘಟನೆಗಳ ನಡುವೆ, 1923ರಲ್ಲಿ, ಮುಂಬಯಿ ಶಾಸನಸಭೆ ಬೋಲೆ ನಿರ್ಣಯ ಅಂಗೀಕರಿಸಿತ್ತು. ಸರ್ಕಾರಿ ಹಣದ ಬಾವಿ, ಕೆರೆ, ಧರ್ಮಶಾಲೆ ಅಸ್ಪೃಶ್ಯರಿಗೂ ಮುಕ್ತ ಎಂಬುದು ಅದರ ಸಾರ. ನಮ್ಮ ಧಾರವಾಡ ಜಿಲ್ಲೆಗೂ ಅದು ಲಾಗೂ. ಕಾಗದದ ಮ್ಯಾಲೆ. ಅದನ್ನ ಕಾಗದದಿಂದ ನೀರಿಗೆ ತರಾಕ 1927ರಲ್ಲಿ ಮಹಾಡ್ ಬೇಕಾತು.

ಮುಂದೆ ಸಂವಿಧಾನ ಬಂತು. 15ನೇ ವಿಧಿ ಓದುವಾಗ ನಾವು ಸಮಾನತೆ ಅನ್ನೋ ದೊಡ್ಡ ಮಾತಿಗೆ ನಿಂತುಬಿಡ್ತೀವಿ. ಎರಡನೇ ಉಪವಿಧಿ ನೋಡ್ರಿ: ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು, ಮನರಂಜನೆಯ ಸ್ಥಳ ಅಂತ ಹೆಸರು ಹಿಡಿದೇ ಬರೆದೈತಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದ. ಹೋಟೆಲಿನೊಳಗ ಬಿಟ್ರಷ್ಟೇ ಸಾಲದು, ಅಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಯನ್ನೂ ಬಳಸೋಕ ಬಿಡಬೇಕು ಅಂತ ಅದರ 4ನೇ ಕಲಂ. ಒಂದು ದೇಶದ ಪಾರ್ಲಿಮೆಂಟು ಕುಂತು ಚಾದ ಕಪ್ಪಿನ ಬಗ್ಗೆ ಕಾನೂನು ಬರೀಬೇಕಾತು! 1976ರಲ್ಲಿ ತಿದ್ದುಪಡಿಯಾಗಿ ಇದೇ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಆತು.

ಕಾನೂನು ಬಂದ ಮ್ಯಾಲೂ ಹಳ್ಳಿ ಚಾದಂಗಡಿ ಗ್ವಾಡಿ ಮಾಡದಾಗ ನಮ್ಮ ಕಪ್ಪು ಬ್ಯಾರೆನೇ ಇತ್ತು. ಕುಡದು, ತೊಳದು, ಅಲ್ಲೇ ಇಡಬೇಕು. ರೊಕ್ಕ ಮಾತ್ರ ಎಲ್ಲರಷ್ಟೇ. 70ರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪ ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿ ಕಟ್ಟಿದ ಮ್ಯಾಲೆ ಊರೂರಿಗೆ ಹುಡುಗರು ಹೋಟೆಲ್ ಹೊಸ್ತಿಲು ದಾಟಾಕ ಹೊಂಟ್ರು. ಬಡತ ತಿಂದ್ರು, ಕೂಲಿ ಕಳಕೊಂಡ್ರು. ಅವರ ಹೆಸರು ಯಾವ ಗೆಜೆಟಿಯರ್‌ನ್ಯಾಗೂ ಇಲ್ಲ.

ನಮ್ಮ ಹಿರಿಯರು ಹೇಳೋದು ಇನ್ನೊಂದೈತಿ. ಊರಾಗಿನ ಹೋಟೆಲಿಗಿಂತ ಮೊದಲು ನಮಗ ತೆರದದ್ದು ಗದಗ, ಹುಬ್ಬಳ್ಳಿ ಬಸ್ ಸ್ಟ್ಯಾಂಡ್ ಕಡೀ ಹೋಟೆಲು. ಅಲ್ಲಿ ಯಾರಿಗೂ ನಮ್ಮ ಕೇರಿ ಗೊತ್ತಿಲ್ಲ. ಸಾವಜಿ ಖಾನಾವಳಿಯೊಳಗ ಎಲ್ಲಾರೂ ಖಾರಕ್ಕ ಮೂಗು ಒರಸ್ಕೋತ ಉಣ್ಣೋವಾಗ ಜಾತಿ ಕೇಳಾಕ ಯಾರಿಗೂ ಪುರಸೊತ್ತಿಲ್ಲ. ಬಾಬಾಸಾಹೇಬರು ಹಳ್ಳಿ ಬಿಡ್ರಿ ಅಂದದ್ದು ನೌಕರಿಗಷ್ಟೇ ಅಂತ ತಿಳಕೋಬ್ಯಾಡ್ರಿ.

ಇದೆಲ್ಲ ಹಳೇ ಮಾತು ಅನ್ನವರಿಗೆ: ಪಕ್ಕದ ಕೊಪ್ಪಳ ಜಿಲ್ಲೆಯ ಮರಕುಂಬಿ. 2014ರ ಆಗಸ್ಟ್. ಗಂಗಾವತಿಗೆ ಸಿನಿಮಾ ನೋಡಾಕ ಹೋದಾಗಿನ ಜಗಳ ನೆಪ ಆತು, ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಹೋಟೆಲ್, ಕ್ಷೌರದಂಗಡಿಗೆ ದಲಿತರಿಗೆ ಪ್ರವೇಶ ಇಲ್ಲ ಅನ್ನೋ ತಕರಾರು ಅದರ ಹಿಂದಿತ್ತು. 2024ರ ಅಕ್ಟೋಬರ್ 24ಕ್ಕೆ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಬಹುತೇಕರಿಗೆ ಜಾಮೀನು ಸಿಕ್ತು.

ಈಗ ನಮ್ಮ ಹುಡುಗರು ನೌಕರಿ ಹಿಡಿದಾರ. ರಜೆಗೆ ಹೆಂಡ್ತಿ-ಮಕ್ಕಳನ್ನ ಕರಕೊಂಡು ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಾಕ ಹೋಗ್ತಾರ, ಹೋಟೆಲಿನ್ಯಾಗ ಕುಂತು ರೋಟಿ, ಪನೀರ್ ತರಸ್ತಾರ. ಕೆಲವು ಗೆಳೆಯರು ಅದಕ್ಕ "ದುಂದುವೆಚ್ಚ, ಮಧ್ಯಮ ವರ್ಗದ ಶೋಕಿ" ಅಂತ ಬೈತಾರ. ನಾನು ಬೈಯಂಗಿಲ್ಲ. ಮಗಳು ಮೆನು ಕಾರ್ಡ್ ಹಿಡಿದು ತನಗ ಬೇಕಾದ್ದು ಹೇಳೋದು, ವೇಟರ್ ತಾಟು ತಂದು ಆಕಿ ಮುಂದ ಇಡೋದು, ಇಷ್ಟಕ್ಕ ಎಷ್ಟು ವರ್ಷ ಹಿಡೀತು ಅನ್ನೋದು ಬಿಲ್ಲಿನ್ಯಾಗ ಬರಂಗಿಲ್ಲ. ಬನಶಂಕರಿಯೊಳಗ ತಾಯಂದಿರು ಬುಟ್ಟಿ ಇಟ್ಟುಕೊಂಡು ಕೊಡೋ ರೊಟ್ಟಿ, ಮೊಸರು, ಕೆಂಪು ಚಟ್ನಿನೂ ಉಣ್ರಿ. ಹಂಗ ಉಣ್ಣೋವಾಗ ಒಂದು ಪ್ರಶ್ನೆ ಮನಸಿನ್ಯಾಗಿರಲಿ: ನಮ್ಮ ಕೈ ಅಡಗಿ ನಾವು ಉಂಡಿದ್ದಾತು, ಅವರ ಹೋಟೆಲಿಗೂ ಹೋಗಿದ್ದಾತು. ನಮ್ಮ ಕೇರಿಯ ಅವ್ವ ತನ್ನ ಹೆಸರಿನ ಬೋರ್ಡ್ ಹಾಕಿ ಖಾನಾವಳಿ ತೆರದ್ರ, ಊರಾಗಿನವರು ಎಷ್ಟು ಮಂದಿ ಬಂದು ಕುಂದರ್ತಾರ?

ಈ ರಜೆಯೊಳಗ ಒಂದು ಕೆಲಸ ಮಾಡ್ರಿ. ಮನಿಯ ಹಿರೇರನ್ನ ಕೇಳ್ರಿ: ಯಜ್ಜ, ಆಯಿ, ನೀವು ಮೊದಲ ಸಲ ಹೋಟೆಲ್ ಒಳಗ ಹೋಗಿ ಕುಂತು ಉಂಡದ್ದು ಯಾವ ಊರಾಗ, ಏನು ಉಂಡ್ರಿ? ಕೇಳಿದ್ದನ್ನ ಇದರ ಕೆಳಗ ಬರೀರಿ.