ಮದರಾಸಿನ ಶಾಸನಸಭೆಯಲ್ಲಿ ಚಕ್ರವರ್ತಿ ರಾಜಗೋಪಾಲಾಚಾರ್ಯರು

ಚಕ್ರವರ್ತಿ ರಾಜಗೋಪಾಲಾಚಾರ್ಯರ (1878–1972) ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅವರ ಗವರ್ನರ್-ಜನರಲ್ ಪದವಿಯನ್ನೂ ಅವರು ಬರೆದ ರಾಮಾಯಣ ಭಾರತ ಕಥನಗಳನ್ನೂ ವಿಸ್ತಾರವಾಗಿ ವರ್ಣಿಸುವರು. ಮದರಾಸಿನಲ್ಲಿ ಅವರು ಎರಡು ಸಲ, ಒಟ್ಟು ನಾಲ್ಕು ವರ್ಷಗಳಿಗೆ ತುಸು ಮೇಲ್ಪಟ್ಟು ನಡೆಸಿದ ಆಡಳಿತಕ್ಕೆ ದೊರೆತಿರುವ ಗಮನವು ಅಷ್ಟಿಲ್ಲ. ಅವರಿಗೆ ಸ್ತುತಿಯಾಗಿಯೂ ನಿಂದೆಯಾಗಿಯೂ ಸಂದಿರುವ 'ಸಂಪ್ರದಾಯನಿಷ್ಠ' ಎಂಬ ವಿಶೇಷಣಕ್ಕೆ ಈ ನಾಲ್ಕು ವರ್ಷಗಳೇ ನಿಕಷಶಿಲೆ. ಕನ್ನಡಿಗರಿಗೆ ಈ ವಿಷಯವು ಪರಕೀಯವೂ ಅಲ್ಲ. ಹೊಸೂರಿನ ಸೀಮೆಯಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಆಚಾರ್ಯರ ಶಾಸನಗಳು, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳಲ್ಲಿಯೂ ಜಾರಿಯಲ್ಲಿದ್ದುವು.

ಶಾಸನಸಭೆಗಳಿಗೆ ಹೋಗಲೇಕೂಡದೆಂದು ಹೋರಾಡಿದವರೇ ಅಲ್ಲಿ ನಾಯಕರಾದುದು ಒಂದು ವಿಚಿತ್ರ. 1922ರ ಗಯಾ ಕಾಂಗ್ರೆಸ್ಸಿನಲ್ಲಿ ಚಿತ್ತರಂಜನದಾಸರ ಸಭಾಪ್ರವೇಶದ ಪಕ್ಷವನ್ನು ಎದುರಿಸಿ ಸೋಲಿಸಿದವರಲ್ಲಿ ಆಚಾರ್ಯರೇ ಅಗ್ರೇಸರರು. ಹದಿನೈದು ವರ್ಷಗಳ ಮೇಲೆ, 1937ರಲ್ಲಿ, ಅವರು ವಿಶ್ವವಿದ್ಯಾನಿಲಯದ ಕ್ಷೇತ್ರದಿಂದ ಶಾಸನಸಭೆಗೆ ಆಯ್ಕೆಯಾದರು. ಒಟ್ಟು 215 ಸ್ಥಾನಗಳಲ್ಲಿ 159 ಕಾಂಗ್ರೆಸ್ಸಿಗೆ ಸಂದುವು. ಗವರ್ನರರ ವಿಶೇಷಾಧಿಕಾರಗಳ ವಿಷಯದಲ್ಲಿ ಕೆಲವು ತಿಂಗಳ ವಾದವು ಮುಗಿದ ಬಳಿಕ, ಜುಲೈ ತಿಂಗಳಲ್ಲಿ ಅವರು ಪ್ರಾಂತದ ಪ್ರಧಾನಮಂತ್ರಿಗಳಾದರು.

ಅವರ ಶಾಸನಗಳಲ್ಲಿ ಮೊದಲು ಪರಿಶೀಲಿಸತಕ್ಕದ್ದು 1938ರ ರೈತರ ಋಣಪರಿಹಾರ ಶಾಸನ. ಧರ್ಮಶಾಸ್ತ್ರವನ್ನು ಓದಿದವರಿಗೆ ಇದರಲ್ಲಿ ಪರಿಚಿತವಾದ ಧ್ವನಿಯೊಂದು ಕೇಳಿಬರುವುದು. ಒಂದೇ ಸಲ ವಸೂಲುಮಾಡುವ ಬಡ್ಡಿಯು ಮೂಲಧನವನ್ನು ಮೀರಬಾರದು, ಅಸಲು ಬಡ್ಡಿ ಸೇರಿ ಇಮ್ಮಡಿಯೇ ಪರಮಾವಧಿ ಎಂಬುದು ಮನುವಿನಿಂದ ಮೊದಲ್ಗೊಂಡು ಸ್ಮೃತಿಕಾರರು ಒಪ್ಪಿದ ನಿಯಮ. ವ್ಯವಹಾರದಲ್ಲಿ ಇದಕ್ಕೆ ದಾಮದುಪ್ಪಟ್ ಎಂದು ಹೆಸರು. ಆಚಾರ್ಯರ ಶಾಸನವು ಇದನ್ನು ಹಿಡಿದು ಒಂದು ಹೆಜ್ಜೆ ಮುಂದೆ ಹೋಯಿತು. ರೈತನು ಅಸಲಿನ ಲೆಕ್ಕಕ್ಕಾಗಲಿ ಬಡ್ಡಿಯ ಲೆಕ್ಕಕ್ಕಾಗಲಿ ಹಿಂದಿನಿಂದ ಕೊಟ್ಟುದೆಲ್ಲ ಸೇರಿ ಮೂಲಧನದ ಎರಡರಷ್ಟಾಗಿದ್ದರೆ ಸಾಲವು ಸಂಪೂರ್ಣವಾಗಿ ತೀರಿದಂತೆಯೇ. 1932ನೆಯ ಅಕ್ಟೋಬರಿಗೆ ಹಿಂದಿನ ಸಾಲಗಳ ಮೇಲೆ 1937ನೆಯ ಅಕ್ಟೋಬರಿನವರೆಗೆ ನಿಂತಿದ್ದ ಬಡ್ಡಿಯೂ ರದ್ದಾಯಿತು. ಸ್ಮೃತಿಯು ಒಮ್ಮೆಗೆ ಪಡೆಯತಕ್ಕ ಬಡ್ಡಿಗೆ ಮಿತಿಯನ್ನು ಹಾಕಿತ್ತು. ಈ ಶಾಸನವು ವರ್ಷವರ್ಷವೂ ಸಂದ ಹಣವನ್ನೆಲ್ಲ ಲೆಕ್ಕಕ್ಕೆ ತಂದಿತು. ಹಳೆಯ ವಿಧಿಯ ಆಶ್ರಯದಲ್ಲಿ ಹೊಸ ವಿಧಿಯನ್ನು ನೆಲೆಗೊಳಿಸುವ ಈ ರೀತಿಯೇ ಅವರ ಸಂಪ್ರದಾಯನಿಷ್ಠೆಯ ಸ್ವರೂಪ. ಸಾಹುಕಾರರಿಗೆ ಅದು ಸಂಪ್ರದಾಯವಾಗಿ ಕಾಣಲಿಲ್ಲವೆಂಬುದನ್ನು ಹೇಳಬೇಕಾದುದಿಲ್ಲ.

1937ರ ಅಕ್ಟೋಬರಿನಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವು ಆರಂಭವಾಯಿತು. ಅಬಕಾರಿಯಿಂದ ಬರುತ್ತಿದ್ದ ಹಣದ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆಯ ಶಾಸನವನ್ನು ಮಾಡಿದರು.

ದೇವಾಲಯ ಪ್ರವೇಶದ ಪ್ರಕರಣದಲ್ಲಿ ಅವರ ಕ್ರಮವು ಇನ್ನೂ ಸ್ಫುಟವಾಗಿದೆ. 1938ರಲ್ಲಿ ಎಂ. ಸಿ. ರಾಜಾ ಅವರು ಪ್ರಾಂತಕ್ಕೆಲ್ಲ ಅನ್ವಯಿಸುವ ಮಸೂದೆಯನ್ನು ತಂದಾಗ ಆಚಾರ್ಯರು ಅದನ್ನು ಬೆಂಬಲಿಸದೆ, ಮಲಬಾರಿಗೆ ಮಾತ್ರ ಸಲ್ಲುವ, ಅಲ್ಲಿಯ ಸವರ್ಣ ಮತದಾರರ ಅಭಿಪ್ರಾಯವನ್ನು ಕೇಳಿ ನಡೆಯುವ ಶಾಸನವನ್ನು ಮುಂದಿಟ್ಟರು. ರಾಜಾ ಅವರಿಗೆ ಇದು ನಂಬಿಕೆದ್ರೋಹವಾಗಿ ತೋರಿದುದು ಸಹಜ. ಹಕ್ಕನ್ನು ಕೊಡುವುದಕ್ಕೆ ಅದನ್ನು ತಡೆದಿದ್ದವರ ಒಪ್ಪಿಗೆಯನ್ನು ಕೇಳುವುದು ನ್ಯಾಯವೇ ಎಂಬ ಪ್ರಶ್ನೆಗೆ ಸಮರ್ಪಕವಾದ ಉತ್ತರವಿಲ್ಲ. ಆದರೆ 1939ರ ಜುಲೈ 8ರಂದು ಎ. ವೈದ್ಯನಾಥ ಅಯ್ಯರು ಹರಿಜನರೊಡನೆ ಮಧುರೆಯ ಮೀನಾಕ್ಷಿಯ ಗುಡಿಯನ್ನು ಪ್ರವೇಶಿಸಿದಾಗ ಆಚಾರ್ಯರು ತಡಮಾಡಲಿಲ್ಲ. ಧರ್ಮದರ್ಶಿಗಳ ಮೇಲೆ ಮೊಕದ್ದಮೆಗಳು ಬೀಳದಂತೆ ಮೊದಲು ಸುಗ್ರೀವಾಜ್ಞೆಯಿಂದಲೂ, ಅನಂತರ ಸಭೆಯಲ್ಲಿ ಚರ್ಚಿಸಿದ ಶಾಸನದಿಂದಲೂ ರಕ್ಷಣೆಯನ್ನು ಕೊಟ್ಟರು. ಆ ಬಾಗಿಲು ಮತ್ತೆ ಮುಚ್ಚಲಿಲ್ಲ.

ಇದೇ ಮಂತ್ರಿಮಂಡಲವು 1938ರ ಏಪ್ರಿಲ್ ತಿಂಗಳಲ್ಲಿ 125 ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಪಾಠವಾಗಿ ಇಟ್ಟಿತು. ಅವುಗಳಲ್ಲಿ ನಾಲ್ಕು ಕನ್ನಡ ಶಾಲೆಗಳೂ ಇದ್ದುವು. ಇದು ಶಾಸನವಾಗಿರದೆ ಸರ್ಕಾರದ ಆಜ್ಞೆಯಾಗಿದ್ದಿತು. ವಿರೋಧಿಸಿದವರು ಸಾವಿರಕ್ಕೂ ಮಿಕ್ಕು ಸೆರೆಮನೆಯನ್ನು ಸೇರಿದರು. ನಟರಾಜನ್, ತಾಳಮುತ್ತು ಎಂಬಿಬ್ಬರು ಬಂಧನದಲ್ಲಿದ್ದಾಗ ಅಸ್ವಸ್ಥರಾಗಿ 1939ರಲ್ಲಿ ತೀರಿಕೊಂಡರು. ಯಾವ ದಂಡವಿಧಿ ತಿದ್ದುಪಡಿ ಶಾಸನವನ್ನು ಕಾಂಗ್ರೆಸ್ಸು ದಬ್ಬಾಳಿಕೆಯೆಂದು ಖಂಡಿಸಿದ್ದಿತೋ ಅದನ್ನೇ ಆಚಾರ್ಯರು ಇಲ್ಲಿ ಪ್ರಯೋಗಿಸಿದರು. ಮಂಡಲವು ಯುದ್ಧದ ಕಾರಣದಿಂದ 1939ರ ಅಕ್ಟೋಬರಿನಲ್ಲಿ ರಾಜೀನಾಮೆಯಿತ್ತ ಕೆಲವೇ ತಿಂಗಳಲ್ಲಿ, 1940ರ ಫೆಬ್ರವರಿಯಲ್ಲಿ, ಗವರ್ನರರು ಆ ಆಜ್ಞೆಯನ್ನು ಹಿಂತೆಗೆದುಕೊಂಡರು.

ಎರಡನೆಯ ಆಡಳಿತದ ಆರಂಭವೇ ವಿವಾದಾಸ್ಪದ. 1952ರ ಚುನಾವಣೆಯಲ್ಲಿ 375 ಸ್ಥಾನಗಳ ಸಭೆಯಲ್ಲಿ ಕಾಂಗ್ರೆಸ್ಸಿಗೆ ದೊರೆತುವು 152 ಮಾತ್ರ. ಚುನಾವಣೆಗೆ ನಿಲ್ಲದೆ ಇದ್ದ ಆಚಾರ್ಯರನ್ನು ಗವರ್ನರ್ ಶ್ರೀಪ್ರಕಾಶರು ವಿಧಾನಪರಿಷತ್ತಿಗೆ ನಾಮಕರಣಮಾಡಿ ಮುಖ್ಯಮಂತ್ರಿಗಳನ್ನಾಗಿ ಕರೆದರು. ಪಿ. ರಾಮಮೂರ್ತಿಯವರು ಇದನ್ನು ಉಚ್ಚನ್ಯಾಯಾಲಯದಲ್ಲಿ ಪ್ರಶ್ನಿಸಿ ಸೋತರು. ವಿಧಿಗೆ ವಿರುದ್ಧವಲ್ಲದಿದ್ದರೂ, ಶಿಷ್ಟಾಚಾರವೇ ರಾಜ್ಯಾಂಗದ ಪ್ರಾಣವೆಂದು ಬಗೆಯುವ ಪಕ್ಷದವರಿಗೆ ಇದು ಶೋಭಿಸುವ ಮಾರ್ಗವಲ್ಲ. ಆ ಮಂಡಲದಲ್ಲಿ ಮಂಗಳೂರಿನ ಕಡೆಯ ಎ. ಬಿ. ಶೆಟ್ಟರೂ ಮಂತ್ರಿಗಳಾಗಿದ್ದರು. ಆಹಾರಧಾನ್ಯದ ಹತೋಟಿಯನ್ನು ಆಚಾರ್ಯರು ಜೂನ್ ತಿಂಗಳಲ್ಲಿ ಒಮ್ಮೆಲೇ ತೆಗೆದುಹಾಕಿದರು; ಆಜ್ಞೆಯಿಂದ ನಡೆದುದಾದರೂ ಜನರು ಅದನ್ನು ಮೆಚ್ಚಿದರು. ತಂಜಾವೂರಿನ ಗೇಣಿದಾರರನ್ನೂ ಜೀತದಾಳುಗಳನ್ನೂ ರಕ್ಷಿಸುವ ಶಾಸನವು ಅದೇ ವರ್ಷದ್ದು.

ಅವರ ಪತನಕ್ಕೆ ಕಾರಣವಾದುದು 1953ರ ಪ್ರಾಥಮಿಕ ಶಿಕ್ಷಣದ ಯೋಜನೆ. ಹಳ್ಳಿಯ ಶಾಲೆಗಳಲ್ಲಿ ಮಕ್ಕಳಿಗೆ ದಿನಕ್ಕೆ ಮೂರು ಗಂಟೆಗಳ ಪಾಠ, ಎರಡು ಸರದಿ. ಉಳಿದ ವೇಳೆಯಲ್ಲಿ ಹುಡುಗರು ತಂದೆಯ ಕಸುಬನ್ನೋ ಊರಿನ ಮತ್ತೊಂದು ಕೆಲಸವನ್ನೋ ಕಲಿಯಬೇಕು. ಅದೇ ಉಪಾಧ್ಯಾಯರಿಂದ ಇಮ್ಮಡಿ ಮಕ್ಕಳಿಗೆ ವಿದ್ಯೆ ದೊರೆಯುವುದೆಂಬ ಲೆಕ್ಕವು ಹಣವಿಲ್ಲದ ಸರ್ಕಾರಕ್ಕೆ ಯುಕ್ತವೇ. ಆದರೆ ಕುಂಬಾರನ ಮಗನು ಚಕ್ರದ ಬಳಿಗೂ ಅಗಸನ ಮಗನು ಹಳ್ಳದ ಬಳಿಗೂ ಹಿಂದಿರುಗಬೇಕೆಂಬ ವಿಧಿಯು ಬ್ರಾಹ್ಮಣ ಮುಖ್ಯಮಂತ್ರಿಯ ಬಾಯಿಂದ ಬಂದಾಗ, ಕೇಳಿದವರು ಅದನ್ನು ಕುಲಕಸುಬಿನ ಶಿಕ್ಷಣವೆಂದೇ ಕರೆದರು. ಇದನ್ನೂ ಸಭೆಯ ಮುಂದಿಡದೆ ಜಾರಿಗೆ ತಂದಿದ್ದರು. ಜುಲೈ ತಿಂಗಳಲ್ಲಿ ಯೋಜನೆಯನ್ನು ಕೈಬಿಡಬೇಕೆಂಬ ಸೂಚನೆಗೆ ಮತಗಳು ಸರಿಸಮವಾಗಿ ಬಿದ್ದು, ಅಧ್ಯಕ್ಷರ ಮತದಿಂದ ಅದು ಬಿದ್ದುಹೋಯಿತು. ಪರುಳೇಕರರ ಸಮಿತಿಯು ಯೋಜನೆಯನ್ನು ಅನುಮೋದಿಸಿತು, ಸ್ವಪಕ್ಷದವರು ಅನುಮೋದಿಸಲಿಲ್ಲ. 1954ರ ಏಪ್ರಿಲ್ ತಿಂಗಳಲ್ಲಿ ಆಚಾರ್ಯರು ಪದವಿಯನ್ನು ತ್ಯಜಿಸಿದರು. ಕಾಮರಾಜರ ಮಂಡಲವು ಮೇ ತಿಂಗಳಲ್ಲಿ ಯೋಜನೆಯನ್ನು ರದ್ದುಮಾಡಿತು.

ಋಣಪರಿಹಾರ, ದೇವಾಲಯ ಪ್ರವೇಶ, ಗೇಣಿ, ಇವು ಮೂರೂ ಸಭೆಯಲ್ಲಿ ವಾದವಿವಾದಗಳನ್ನು ಸಹಿಸಿ ಹೊರಬಂದುವು. ಹಿಂದಿಯೂ ಶಾಲೆಯ ಯೋಜನೆಯೂ ಲೇಖನಿಯ ಒಂದು ಗೀಟಿನಿಂದ ಬಂದು ಹಾಗೆಯೇ ಹೋದುವು. ಧಾನ್ಯದ ಹತೋಟಿಯನ್ನು ತೆಗೆದುದು ಈ ಉತ್ಸರ್ಗಕ್ಕೆ ಅಪವಾದ. ಅಲ್ಲಿ ಆಜ್ಞೆಯು ಒಂದು ಬಂಧನವನ್ನು ಬಿಡಿಸಿತಲ್ಲದೆ ಹೊಸದೊಂದನ್ನು ಹೇರಲಿಲ್ಲ. ಜನರ ಸಮ್ಮತಿಯನ್ನು ಕಾಯುವುದೇ ಸಂಪ್ರದಾಯನಿಷ್ಠೆಯಾದರೆ, ಆಚಾರ್ಯರು ಸೋತುದು ಅದನ್ನು ಹಿಡಿದುದರಿಂದಲ್ಲ, ಎರಡು ಸಲ ಬಿಟ್ಟುದರಿಂದ.

1959ರಲ್ಲಿ ಅವರು ಸ್ವತಂತ್ರ ಪಕ್ಷವನ್ನು ಕಟ್ಟಿದರು; ಕಡ್ಡಾಯ ಹಿಂದಿಯ ಪ್ರಬಲ ವಿರೋಧಿಗಳಾದರು; 1967ರಲ್ಲಿ, ಹಿಂದೆ ತಮ್ಮನ್ನು ಎದುರಿಸಿದ ದ್ರಾವಿಡ ಮುನ್ನೇತ್ರ ಕಳಗದ ಜತೆಗೂಡಿ ಕಾಂಗ್ರೆಸ್ಸನ್ನು ಸೋಲಿಸಿದರು. ಅದೇ ಕಳಗದ ಸರ್ಕಾರವು 1971ರಲ್ಲಿ ಪಾನನಿರೋಧವನ್ನು ಅಮಾನತಿನಲ್ಲಿಡಲು ಹೊರಟಾಗ, ತೊಂಬತ್ತೆರಡರ ವೃದ್ಧರು ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ತಾವೇ ಹೋಗಿ ಬೇಡವೆಂದು ಕೇಳಿಕೊಂಡರು. ಮಾತು ನಡೆಯಲಿಲ್ಲ, ಅಂಗಡಿಗಳು ತೆರೆದುವು. ಅಬಕಾರಿಯ ನಷ್ಟಕ್ಕೆಂದು ಹಾಕಿದ್ದ ಮಾರಾಟ ತೆರಿಗೆ ಮಾತ್ರ ನಿಲ್ಲಲಿಲ್ಲ.