ಥ್ರಾಟಲ್ ಸೆನ್ಸರ್ ರಿಪೇರಿ ನಡೆದುಬಂದ ದಾರಿ

ಕಾರ್ಬ್ಯುರೇಟರ್ ಕಾಲದಲ್ಲಿ ಆಕ್ಸಿಲರೇಟರ್ ಎಷ್ಟು ಒತ್ತಲಾಗಿದೆ ಎಂಬುದನ್ನು ಎಂಜಿನ್ನಿಗೆ ಬೇರೆಯಾಗಿ ತಿಳಿಸಬೇಕಿರಲಿಲ್ಲ. ಗಾಳಿಯ ದಾರಿಯ ಕವಾಟವಾದ ಥ್ರಾಟಲ್ ತೆರೆದಷ್ಟೂ ಗಾಳಿ ನುಗ್ಗಿ, ಅದರ ಸೆಳೆತಕ್ಕೆ ಪೆಟ್ರೋಲ್ ತಾನಾಗಿ ಬರುತ್ತಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರಲ್ಲಿ ಬಂದ ಮಾರುತಿ 800 ಇವುಗಳ ಟ್ಯೂನಿಂಗ್ ಮೆಕ್ಯಾನಿಕ್‌ನ ಕಿವಿ ಮತ್ತು ಸ್ಕ್ರೂಡ್ರೈವರ್‌ನಿಂದಲೇ ಮುಗಿಯುತ್ತಿತ್ತು.

ಪೆಟ್ರೋಲಿನ ಲೆಕ್ಕ ಎಲೆಕ್ಟ್ರಾನಿಕ್ಸ್ ಕೈಗೆ ಹೋದಾಗ ಈ ಪದ್ಧತಿ ಬದಲಾಯಿತು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಂದ ಬಾಷ್‌ನ ಡಿ-ಜೆಟ್ರಾನಿಕ್ ವ್ಯವಸ್ಥೆಯಲ್ಲಿ ಥ್ರಾಟಲ್‌ಗೊಂದು ಸ್ವಿಚ್ ಇತ್ತು. ಮುಂದೆ ಆ ಜಾಗಕ್ಕೆ ಥ್ರಾಟಲ್ ಎಷ್ಟು ತೆರೆದಿದೆ ಎಂದು ವೋಲ್ಟೇಜ್ ಮೂಲಕ ಹೇಳುವ ಸೆನ್ಸರ್, ಅಂದರೆ ಪೊಟೆನ್ಷಿಯೋಮೀಟರ್ ಬಂತು. ಅದಕ್ಕೆ ಮೂರು ವೈರ್: ಒಂದರಲ್ಲಿ 5 ವೋಲ್ಟ್, ಒಂದು ಅರ್ಥ್, ಇನ್ನೊಂದು ಸಿಗ್ನಲ್. ಥ್ರಾಟಲ್ ಮುಚ್ಚಿದ್ದಾಗ ಸಿಗ್ನಲ್ ಸಾಮಾನ್ಯವಾಗಿ ಅರ್ಧ ವೋಲ್ಟಿನ ಆಸುಪಾಸು, ಪೂರ್ತಿ ತೆರೆದಾಗ ನಾಲ್ಕೂವರೆಯ ಹತ್ತಿರ.

ಈ ಸೆನ್ಸರ್ ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಲೋಹದ ಕೈ ಸದಾ ಉಜ್ಜುತ್ತಿರುವುದರಿಂದ, ನಿಧಾನವಾಗಿ ಓಡಿಸುವಾಗ ಬಳಕೆಯಾಗುವ ಭಾಗವೇ ಮೊದಲು ಸವೆಯುತ್ತದೆ. ಆಗ ಗಾಡಿ ಎಳೆಯುವಾಗ ಜರ್ಕ್ ಹೊಡೆಯುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ. ಇದನ್ನು ಹಿಡಿಯಲು ಮಲ್ಟಿಮೀಟರ್ ಬೇಕಾಯಿತು. ಇಗ್ನಿಷನ್ ಆನ್ ಮಾಡಿ, ಸಿಗ್ನಲ್ ವೈರಿಗೆ ಮೀಟರ್ ಜೋಡಿಸಿ, ಥ್ರಾಟಲ್ ಅನ್ನು ಮೆಲ್ಲಗೆ ತೆರೆದರೆ ವೋಲ್ಟೇಜ್ ಒಂದೇ ಸಮನೆ ಏರಬೇಕು. ನಡುವೆ ಥಟ್ಟನೆ ಬಿದ್ದರೆ ಪಟ್ಟಿ ಸವೆದಿದೆ. ಕ್ಷಣಮಾತ್ರದ ಆ ಕುಸಿತವನ್ನು ಡಿಜಿಟಲ್ ಮೀಟರ್ ತಪ್ಪಿಸಿಬಿಡಬಹುದು. ಹಳೆಯ ಮುಳ್ಳಿನ ಮೀಟರಿನಲ್ಲಿ ಅಥವಾ ಆಸಿಲೋಸ್ಕೋಪ್‌ನಲ್ಲಿ ಅದು ಸುಲಭವಾಗಿ ಕಾಣುತ್ತದೆ. ಆಗಿನ ಹಲವು ಸೆನ್ಸರ್‌ಗಳ ಸ್ಕ್ರೂ ಸಡಿಲಿಸಿ, ತುಸು ತಿರುಗಿಸಿ ವೋಲ್ಟೇಜ್ ಸೆಟ್ ಮಾಡಬಹುದಿತ್ತು.

ಮುಂದಿನ ಹಂತ ದೋಷದ ಕೋಡ್‌ಗಳದ್ದು. ಹೊಗೆ ನಿಯಂತ್ರಣಕ್ಕಾಗಿ ಕ್ಯಾಲಿಫೋರ್ನಿಯಾ 1988ರಿಂದ ಕಾರೇ ತನ್ನ ದೋಷ ಗುರುತಿಸುವ ಒಬಿಡಿ ವ್ಯವಸ್ಥೆಯನ್ನು ಕೇಳಿತು. 1996ರಲ್ಲಿ ಒಬಿಡಿ-2 ಅಮೆರಿಕದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಭಾರತದಲ್ಲಿ ಭಾರತ್ ಸ್ಟೇಜ್-4 ನಿಯಮಗಳೊಂದಿಗೆ 2010ರಿಂದ ಒಬಿಡಿ ಬಂತು. ಈ ಸೆನ್ಸರ್‌ಗೆ ಪಿ0120ರಿಂದ ಪಿ0124ರವರೆಗಿನ ಕೋಡ್‌ಗಳಿವೆ. ಪಿ0122 ಎಂದರೆ ವೋಲ್ಟೇಜ್ ತೀರಾ ಕಡಿಮೆ, ಪಿ0123 ಎಂದರೆ ತೀರಾ ಹೆಚ್ಚು. ಆದರೆ ಕೋಡ್ ಹೇಳುವುದು ಸರ್ಕ್ಯೂಟ್ ಕೆಟ್ಟಿದೆ ಎಂದಷ್ಟೇ. ಕನೆಕ್ಟರ್‌ನಲ್ಲಿ ತುಕ್ಕಿದ್ದರೂ, ವೈರ್ ತುಂಡಾಗಿದ್ದರೂ ಅದೇ ಕೋಡ್ ಬರುತ್ತದೆ. ಹೀಗಾಗಿ ಕೋಡ್ ಓದುವ ಸ್ಕ್ಯಾನರ್ ಬಂದ ಮೇಲೂ ಮೂರು ವೈರುಗಳನ್ನು ಅಳೆಯುವ ಕೆಲಸ ತಪ್ಪಲಿಲ್ಲ.

ಎಲೆಕ್ಟ್ರಾನಿಕ್ ಥ್ರಾಟಲ್ ಬಂದಾಗ ಆಕ್ಸಿಲರೇಟರ್ ಕೇಬಲ್ ಹೋಯಿತು. ಸುರಕ್ಷತೆಗಾಗಿ ಥ್ರಾಟಲ್ ಬಾಡಿಯೊಳಗೆ ಎರಡು ಸಿಗ್ನಲ್ ಇರುತ್ತವೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಅವೆರಡನ್ನೂ ಹೋಲಿಸುತ್ತದೆ. ತಾಳೆಯಾಗದಿದ್ದರೆ ಎಂಜಿನ್ ಶಕ್ತಿ ತಗ್ಗಿಸುತ್ತದೆ. ಕಾಂತಕ್ಷೇತ್ರದಿಂದ ಸ್ಥಾನ ಗುರುತಿಸುವ ಹಾಲ್ ಸೆನ್ಸರ್ ಇರುವ ಕಡೆ ಉಜ್ಜಾಟವಿಲ್ಲ, ಸವೆತವೂ ಇಲ್ಲ. ಆದರೆ ಸೆನ್ಸರ್ ಒಂದನ್ನೇ ಬದಲಿಸುವ ಅವಕಾಶ ಹಲವು ಕಾರುಗಳಲ್ಲಿ ಇಲ್ಲವಾಗಿ, ಇಡೀ ಥ್ರಾಟಲ್ ಬಾಡಿ ಹಾಕಬೇಕು. ಆಮೇಲೆ ಮುಚ್ಚಿದ ಸ್ಥಾನ ಯಾವುದೆಂದು ಇಸಿಯುಗೆ ಮತ್ತೆ ಕಲಿಸಬೇಕು. ಸ್ಕ್ರೂ ತಿರುಗಿಸಿ ಮಾಡುತ್ತಿದ್ದ ಸೆಟ್ಟಿಂಗ್ ಈಗ ಸ್ಕ್ಯಾನರ್ ಮೂಲಕ ನಡೆಯುತ್ತದೆ.